ಅಂಜನದಲ್ಲಿ ಕಂಡ ಅಪ್ಪ

ಬಸವಕಲ್ಯಾಣವನ್ನು ಜನ ಇನ್ನೂ ಕಲ್ಯಾಣಿ ಎನ್ನುತ್ತಿದ್ದ ಕಾಲ. ತೊಗರಿ ಮಾರಲು ಹುಮನಾಬಾದಿಗೆ ಗಾಡಿ ಕಟ್ಟಿಕೊಂಡು ಹೋದ ನನ್ನ ಮೈದುನ ತಿರುಗಿ ಬರಲಿಲ್ಲ. ಹುಡುಕಲು ಹೋದ ಗಂಡಸರನ್ನು ಆ ಊರ ಹೊರಗೇ ತಡೆದರಂತೆ, ಪೇಟೆಯಲ್ಲಿ ಕಾಲರಾ. ಅತ್ತೆ ಅಂಜನ ಹಾಕುವವನನ್ನು ಕರೆಸಿದರು.

ಹೆಬ್ಬೆರಳ ಉಗುರಿಗೆ ಎಣ್ಣೆಯಲ್ಲಿ ಕಲಸಿದ ಕಾಡಿಗೆ ಹಚ್ಚಿ, ಆ ಕಪ್ಪು ಹೊಳಪಿನಲ್ಲಿ ಕಳೆದದ್ದನ್ನು ನೋಡುವುದೇ ಅಂಜನ. ಅದು ಕಾಲು ಮುಂದಾಗಿ ಹುಟ್ಟಿದವರಿಗಷ್ಟೇ ಕಾಣುತ್ತದೆ ಎಂಬ ನಂಬಿಕೆ. ನಮ್ಮ ಓಣಿಯಲ್ಲಿ ಹಾಗೆ ಹುಟ್ಟಿದವಳು ಮೈದುನನ ಮಗಳೊಬ್ಬಳೇ, ಇನ್ನೂ ಹಾಲುಹಲ್ಲು ಬೀಳುವ ವಯಸ್ಸು.

"ಬ್ಯಾರೆ ಓಣ್ಯಾಗ ಯಾರೂ ಇಲ್ಲೇನ್ರಿ? ಇದು ಅವನ ಕೂಸು," ಎಂದೆ.

"ಕಾನ್ವೆಂಟಿನಾಗ ಕಲತಾಕಿಗೆ ಇದೆಲ್ಲ ತಿಳಿಯಂಗಿಲ್ಲ. ಸುಮ್ನ ದೀಪ ಹಚ್ಚು," ಎಂದರು ಅತ್ತೆ.

ಅಂಜನದವನು ಕೂಸಿನ ಉಗುರಿಗೆ ಕಾಡಿಗೆ ಹಚ್ಚಿ, ಅವಳ ಬೆನ್ನ ಹಿಂದೆ ಕೂತ. "ಬಯಲು ಕಾಣಾಕತ್ತದೇನವ್ವ?"

"ಇಲ್ಲ."

"ನೋಡು, ನೋಡು. ಕಸ ಹೊಡಿಯವರು ಬಂದರೇನು?"

"...ಬಂದರು."

"ನೀರು ಚಿಮುಕಿಸಿದರ? ಗಾದಿ ಹಾಸಿದರ?"

ತೊಟ್ಟಿಲು ತೂಗುವಂಥ ದನಿ. ಕೂಸಿನ ತುಟಿಯ ಮೇಲೆ ನೊಣ ಹರಿದಾಡಿತು, ಓಡಿಸಲಿಲ್ಲ. ಒಳಗೆ ತಾಮ್ರದ ಕೊಡ ಉರುಳಿ ನಾವೆಲ್ಲ ಬೆಚ್ಚಿದೆವು, ಅವಳು ಬೆಚ್ಚಲಿಲ್ಲ. ಕಾನ್ವೆಂಟಿನ ಸಿಸ್ಟರ್ ಒಬ್ಬರು ಮೆಸ್ಮರಿಸಂ ಬಗ್ಗೆ ಹೇಳಿದ್ದು ನೆನಪಾಯಿತು: ಮನಸ್ಸು ನಿದ್ದೆ ಹೋಗುವುದಿಲ್ಲ, ಒಂದೇ ಕಡೆ ನಿಂತುಬಿಡುತ್ತದೆ, ಆಮೇಲೆ ಒಂದೇ ದನಿ ಕೇಳುತ್ತದೆ, ಆ ದನಿ ಹೇಳಿದ್ದೇ ಕಾಣುತ್ತದೆ. ಈ ಕೂಸಿಗೆ ಆ ದನಿಯ ಜೊತೆಗೆ ತನ್ನದೇ ಆಸೆಯೂ ಇತ್ತಲ್ಲ.

"ಅಪ್ಪ ಬಂದನೇನವ್ವ?"

ಮುಖ ಅರಳಿತು. "ಬಂದ! ಗಿಡದ ಬುಡಕ ಕುಂತಾನ. ನಗಾಕತ್ತಾನ!"

ಕೂಸಿನ ಅವ್ವ, ನನ್ನ ನೆಗೆಣ್ಣಿ, ಅಂಜನದವನ ಕಾಲಿಗೆ ಬಿದ್ದಳು. ಅಂದು ಮನೆಯಲ್ಲಿ ಹೋಳಿಗೆಯಾಯಿತು.

ಆಮೇಲೆ ಕೂಸು ತಾನೇ ಚಿಮಣಿ ದೀಪದ ಮಸಿ ತೆಗೆದು ಉಗುರಿಗೆ ಹಚ್ಚಿಕೊಂಡು ಮೂಲೆ ಹಿಡಿಯತೊಡಗಿತು. ಭುಜ ಅಲುಗಿಸಿದರೆ ಮಾತ್ರ ಈ ಕಡೆ ಬರುತ್ತಿತ್ತು. ಅವಳವ್ವ ರೊಟ್ಟಿ ಬಡಿಯುತ್ತಲೇ ಕೇಳುವಳು, "ಇವತ್ತ ಏನ್ ಮಾಡಾಕತ್ತಾನ?"

ಒಂದು ದಿನ ಹುಮನಾಬಾದಿನ ಹತ್ತಿರದ ಹುಡಗಿ ಎಂಬ ಊರಿನ ಗಾಡಿಯವನೊಬ್ಬ ಸುದ್ದಿ ತಂದ. ಮೈದುನ ಪೇಟೆಯ ಛತ್ರದಲ್ಲೇ ಕಾಲರಾಕ್ಕೆ ಹೋಗಿದ್ದ. ಯಾರೋ ಮಣ್ಣು ಮಾಡಿದ್ದರು. ಅಂಜನ ಹಾಕುವ ಮೊದಲೇ.

"ಸುಳ್ಳಬುರುಕಿ! ನಗಾಕತ್ತಾನಂತ, ನಗಾಕತ್ತಾನ!" ಅತ್ತೆ ಮೊಮ್ಮಗಳ ಬೆನ್ನಿಗೆ ಗುದ್ದಿ, ಆಮೇಲೆ ತಮ್ಮ ಎದೆಗೇ ಗುದ್ದಿಕೊಂಡರು.

ಕೂಸು ನನ್ನ ಸೆರಗಿನೊಳಗೆ ಬಂದು ಬಿಕ್ಕಿತು. "ಖರೇನ ನೋಡೀನಿ ದೊಡ್ಡವ್ವ."

ನೋಡಿದ್ದಳು. ನನಗೆ ಅದರಲ್ಲಿ ಅನುಮಾನವಿರಲಿಲ್ಲ. ಆದರೆ ಅಂದಿನಿಂದ ಎಷ್ಟು ಮಸಿ ಹಚ್ಚಿಕೊಂಡರೂ ಅವಳಿಗೆ ಅಪ್ಪ ಕಾಣಲಿಲ್ಲ. ಉಗುರು ನೋಡಿ ನೋಡಿ ಕಣ್ಣು ಕೆಂಪಾದವು. ಕಡೆಗೆ ನಾನೇ ಸೀಗೆಪುಡಿ ಹಾಕಿ ಆ ಬೆರಳನ್ನು ತಿಕ್ಕಿ ತೊಳೆದೆ.

ಅದೇ ಮಧ್ಯಾಹ್ನ, ಸುದ್ದಿ ಬಂದಾಗಿನಿಂದ ಅನ್ನ ಮುಟ್ಟದಿದ್ದ ನೆಗೆಣ್ಣಿ, ಮುಂದಿಟ್ಟ ತಾಟನ್ನು ಸರಿಸಿ ಮಗಳನ್ನು ಹತ್ತಿರ ಎಳೆದುಕೊಂಡಳು.

"ನೋಡವ್ವ. ನಿಮ್ಮಪ್ಪ ಉಂಡಾನೇನು?"

ಕೂಸು ಬೆರಳು ನೋಡಲಿಲ್ಲ. ಅವ್ವನ ಮುಖವನ್ನೇ ನೋಡುತ್ತ ಹೇಳಿತು:

"ಉಣ್ಣಾಕತ್ತಾನವ್ವ. ನೀನೂ ಉಣ್ಣಬೇಕಂತ."

ನೆಗೆಣ್ಣಿ ರೊಟ್ಟಿ ಮುರಿದಳು.