ಗೋಕಾಕದ ಸುದ್ದಿಯನ್ನು ಗೋಕಾಕಕ್ಕೇ ಹೇಳಿದ ದಿನ

ಹೋದ ವಾರ ಸಕ್ಕರೆ ಪರೀಕ್ಷೆಗೆಂದು ರಕ್ತ ಕೊಡಲು ಹೋಗಿದ್ದೆ. ತೋಳಿಗೆ ಸ್ಪಿರಿಟ್ಟಿನ ಹತ್ತಿ ತಾಗಿದ್ದೇ ತಡ, ಆ ವಾಸನೆಗೆ ಮಲ್ಲಪ್ಪ ಮಾಸ್ತರು ನೆನಪಾದರು. ಸೂಜಿಗೆ ಹೆದರುವವನಲ್ಲ ನಾನು ಎಂದು ಬರೆಯಬಹುದಿತ್ತು; ಆದರೆ ಮಾಸ್ತರನ್ನು ಕಣ್ಣು ಮುಚ್ಚಿಕೊಂಡೇ ನೆನೆದೆ ಎಂಬುದನ್ನು ನಿಮ್ಮಿಂದ ಯಾಕೆ ಮುಚ್ಚಿಡಲಿ?

ಏಳೆಂಟು ವರ್ಷದ ಮಾತು. ಬೇರೆ ಬೇರೆ ಊರಿನ ಶಾಖೆಗಳನ್ನು ಒಂದೇ ಜಾಲಕ್ಕೆ ಜೋಡಿಸಿಕೊಡುವ ಕಂಪನಿಯೊಂದರ ಗೋಕಾಕ ಆಫೀಸಿನಲ್ಲಿ ನಾನಿದ್ದೆ. ರಕ್ತಪರೀಕ್ಷೆಯ ಲ್ಯಾಬೊಂದು ನಮ್ಮ ಗಿರಾಕಿ. ಹುಕ್ಕೇರಿ, ಮೂಡಲಗಿಗಳಲ್ಲಿ ಅವರು ರಕ್ತ ತೆಗೆದುಕೊಳ್ಳುತ್ತಿದ್ದರು. ಪರೀಕ್ಷೆ ಮಾತ್ರ ಗೋಕಾಕದಲ್ಲಿ. ರಿಪೋರ್ಟುಗಳೆಲ್ಲ ಗೋಕಾಕದ ಹಳೆಯ ಕಟ್ಟಡದ ಸರ್ವರಿನಲ್ಲಿರುತ್ತಿದ್ದವು. ಪಕ್ಕದಲ್ಲೇ ಹೊಸ ಕಟ್ಟಡ ಎದ್ದು ಕೌಂಟರು ಅಲ್ಲಿಗೆ ಹೋದಾಗ, ಎರಡರ ನಡುವೆ ಅವರೇ ಒಂದು ಕೇಬಲ್ ಎಳೆದುಕೊಂಡರು. ಒಂದು ಲೈನು ಕೆಟ್ಟರೆ ಇನ್ನೊಂದಿರಲಿ ಎಂದು ಹೊಸ ಕಟ್ಟಡಕ್ಕೂ ನಮ್ಮ ಲೈನು ಕೇಳಿದರು.

ಅದನ್ನು ಒಂದು ಬೆಳಿಗ್ಗೆ ನಾನೇ ಚಾಲೂ ಮಾಡಿದೆ. ಹಸಿರು ದೀಪ ಹತ್ತಿತು. ಲ್ಯಾಬಿನ ಮ್ಯಾನೇಜರರು ಪೇಢೆ ಕೊಟ್ಟರು. ಎರಡನೆಯ ಪೇಢೆ ಬಾಯಿಗೆ ಹೋಗುವಷ್ಟರಲ್ಲಿ ಮೂರೂ ಊರಿನ ಕೌಂಟರುಗಳ ಪರದೆಯ ಮೇಲೆ ಆ ಸಣ್ಣ ಚಕ್ರ ತಿರುಗತೊಡಗಿತು. ಒಂದು ರಿಪೋರ್ಟೂ ತೆರೆಯಲೊಲ್ಲದು.

"ಏನಾತ್ರಿ ಇದು?" ಎಂದರು ಮ್ಯಾನೇಜರರು.

"ನಮ್ಮ ಕಡೆ ಎಲ್ಲಾ ಬರೋಬ್ಬರಿ ಐತ್ರಿ. ಕೌಂಟರಿನ್ಯಾಗ ಯಾರರ ಏನರ ಒತ್ತಿರಬೇಕು," ಎಂದೆ. ನೋಡದೆಯೇ ಎಂದೆ. ನಮ್ಮ ಕಸುಬಿನವರಿಗೆ ಈ ವಾಕ್ಯ ಸೀನಿನ ಹಾಗೆ ತಾನಾಗಿಯೇ ಬರುತ್ತದೆ.

ಮ್ಯಾನೇಜರರು ಕೌಂಟರಿನ ಶೋಭಾಳ ಕಡೆ ತಿರುಗಿದರು. "ಏನ್ ಒತ್ತಿದಿವಾ?"

"ನಾ ಏನೂ ಒತ್ತಿಲ್ರಿ ಸರ," ಎಂದಳು ಆಕೆ. ಕೆಲಸಕ್ಕೆ ಸೇರಿ ಹದಿನೈದು ದಿನವಾಗಿರಲಿಲ್ಲ. ಕಣ್ಣಲ್ಲಿ ನೀರು ಬಂದಿತ್ತು. ನಾನು ಲ್ಯಾಪ್‌ಟಾಪಿನೊಳಗೆ ತಲೆ ಹುದುಗಿಸಿ, ಹಳೆಯ ಲೈನನ್ನೇ ಮತ್ತೆ ಮತ್ತೆ ತಪಾಸು ಮಾಡುತ್ತ ಕುಳಿತೆ. ಹೊಸದು ನಾನೇ ಮಾಡಿದ್ದಲ್ಲವೇ, ಅದರಲ್ಲೇನು ತಪ್ಪಿರುತ್ತದೆ?

ಮೂರು ಗಂಟೆಯ ಹೊತ್ತಿಗೆ ಮಲ್ಲಪ್ಪ ಮಾಸ್ತರು ಬಂದರು. ನಿವೃತ್ತ ಸಾಲಿ ಮಾಸ್ತರು. ಟೊಪ್ಪಿಗೆಯ ಮೇಲೆ ಮೂರು ತಾಲೂಕಿನ ಧೂಳು. ಅವರ ಹೆಂಡತಿ ನೀಲವ್ವ ಹುಕ್ಕೇರಿಯ ಆಸ್ಪತ್ರೆಯಲ್ಲಿದ್ದರು. ಮರುದಿನ ಬೆಳಿಗ್ಗೆ ಪಿತ್ತಕೋಶದ ಕಲ್ಲಿನ ಆಪರೇಷನ್ನು, ರಕ್ತ ಕೊಟ್ಟದ್ದು ಮೂಡಲಗಿಯ ಮಗಳ ಮನೆಯಲ್ಲಿದ್ದಾಗ. ಹುಕ್ಕೇರಿಯವರು ಗೋಕಾಕಕ್ಕೆ ಹೋಗಿ ಎಂದರು. ಗೋಕಾಕದವರು, ರಕ್ತ ಕೊಟ್ಟಲ್ಲೇ ಕೇಳಿ ಎಂದರು. ಮೂಡಲಗಿಯವರು ಮತ್ತೆ ಗೋಕಾಕಕ್ಕೆ ಅಟ್ಟಿದ್ದರು. ಬರುವಾಗ ಅರಭಾವಿ ಕಾಲೇಜಿನ ಹುಡುಗರ ಗದ್ದಲದಲ್ಲಿ ಬಸ್ಸಿನಲ್ಲಿ ನಿಂತೇ ಬಂದಿದ್ದರು.

"ಸಂಜೀಕ ರಿಪೋರ್ಟ್ ಮುಟ್ಟಲಿಲ್ಲಂದ್ರ ಡಾಕ್ಟರ್ ಮುಂದ ಹಾಕ್ತಾರ," ಎಂದರು. "ಎರಡು ವರ್ಷ ಆದ ಮ್ಯಾಲ ಈಗ ಆಕಿ ಧೈರ್ಯಾ ಮಾಡ್ಯಾಳ. ನಾಳೆ ತಪ್ಪಿದ್ರ ಮತ್ತ ಒಪ್ಪಂಗಿಲ್ರಿ."

ಶೋಭಾ ಎಲ್ಲರಿಗೂ ಕೇಳುವ ಹಾಗೆ ಮೂಡಲಗಿಗೆ ಫೋನು ಹಚ್ಚಿದಳು. ಅಲ್ಲಿಯ ಹುಡುಗಿ ಗಟ್ಟಿ ದನಿಯಲ್ಲಿ, "ಆ ರಿಪೋರ್ಟ್ ಗೋಕಾಕದಾಗ ನಿಮ್ಮ ಕೌಂಟರಿನ್ಯಾಗ ತಯಾರೈತಿ, ಖಾತ್ರಿ ಐತಿ," ಎಂದಳು.

"ಯಾರು ಹೇಳಿದ್ರು?"

"ಮಧ್ಯಾಹ್ನ ಒಬ್ರು ಮಾಸ್ತರ್ ಬಂದಿದ್ರು. ಅವರ ಹೇಳಿದ್ರು."

ಮಾಸ್ತರು ಫೋನಿನ ಮೇಲೆ ಬಗ್ಗಿದರು. "ತಂಗೀ, ಆ ಮಾಸ್ತರ್ ನಾನ ಅದೇನವಾ! ಇರಬಹುದೇನೋ ಅಂತ ನಾ ಅಂದದ್ದನ್ನ ನನಗ ತಿರುಗಿ ಹೇಳಾಕತ್ತೀಯಲ್ಲ!"

ಬಾಕಿನ ಮೇಲೆ ಕುಳಿತವರೆಲ್ಲ ನಕ್ಕರು. ಅಳುತ್ತಿದ್ದ ಶೋಭಾಳೂ ನಕ್ಕಳು. ಹೇಳಿದವರಿಗೇ ತಿರುಗಿ ಹೇಳಿದ ಆ ಮಾತು ಕೇಳಿ ನಾನು ಮಾತ್ರ ಲ್ಯಾಪ್‌ಟಾಪಿಗೆ ತಿರುಗಿದೆ. ಹೊಸ ಲೈನಿನ ಸೆಟಿಂಗು ತೆರೆದೆ.

ಆದದ್ದು ಇಷ್ಟೇ. ಸರ್ವರಿಗೆ ದಾರಿ ಯಾವುದೆಂದು ಹಳೆಯ ಕಟ್ಟಡದ ರೂಟರು ನಮಗೆ ಹೇಳುತ್ತದೆ. ಅದನ್ನು ನಾವು ಹುಕ್ಕೇರಿ, ಮೂಡಲಗಿಗಳಿಗೆ ಹೇಳಬೇಕು, ಸರಿ. ನಾವು ಗೋಕಾಕದ ಹೊಸ ಕಟ್ಟಡಕ್ಕೂ ಹೇಳಿಬಿಟ್ಟಿದ್ದೆವು. ಅಲ್ಲಿಯ ರೂಟರು, ಸರ್ವರು ಗೋಡೆಯಾಚೆಗೇ ಇದ್ದರೂ ಹೊರಗಿನವರ ಮಾತನ್ನೇ ನಂಬಿ, ರಿಪೋರ್ಟು ಕೇಳಿ ಬಂದದ್ದನ್ನೆಲ್ಲ ನಮ್ಮ ಕಡೆ ತಳ್ಳಿತು. ಸರ್ವರು ಗೋಕಾಕದಲ್ಲೇ ಇದೆಯೆಂದು ನಾವು ಅದರ ಕಡೆ ತಳ್ಳಿದೆವು. ಹೀಗೆ ಸಾಯುವತನಕ ಸುತ್ತು. ಇದು ಆಗಬಾರದೆಂದೇ ಗೋಕಾಕದಿಂದ ಬಂದ ಪ್ರತಿ ದಾರಿಗೂ 'ಇದು ಗೋಕಾಕದ್ದು' ಎಂದು ಒಂದು ಗುರುತು ಹಚ್ಚುತ್ತೇವೆ. ಆ ಗುರುತಿದ್ದದ್ದನ್ನು ಗೋಕಾಕಕ್ಕೆ ತಿರುಗಿ ಹೇಳುವುದಿಲ್ಲ. ಆಫೀಸಿಗೆ ಹೊಸದಾಗಿ ಸೇರಿದವರಿಗೆ ಈ ಪಾಠ ಹೇಳುತ್ತಿದ್ದವನು ನಾನೇ. ಹೊಸ ಲೈನಿಗೆ ಆ ಒಂದು ಸಾಲು ಹಾಕಲು ಮರೆತವನೂ ನಾನೇ.

ಸಾಲು ಹಾಕಿದೆ. ಚಕ್ರ ನಿಂತು ನೀಲವ್ವನ ಹೆಸರು ಪರದೆಯ ಮೇಲೆ ಬಂತು.

ಇಲ್ಲಿಗೆ ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಮ್ಯಾನೇಜರರು ಆಗಲೇ "ಇನ್ನರ ಸರಿ ನೋಡಿ ಒತ್ತವಾ" ಎನ್ನುತ್ತಿದ್ದರು. ಶೋಭಾ ತಲೆ ತಗ್ಗಿಸಿದಳು.

"ಸರ, ಆಕಿದ ತಪ್ಪಿಲ್ರಿ," ಎಂದೆ. "ನಂದ ತಪ್ಪು. ಮುಂಜಾನಿ ನಾನ ಒಂದು ಸಾಲು ಬಿಟ್ಟಿದ್ದೆ."

ಮ್ಯಾನೇಜರರು ನನ್ನನ್ನೂ ಪೇಢೆಯ ಡಬ್ಬಿಯನ್ನೂ ಒಮ್ಮೆ ನೋಡಿದರು. ಅಷ್ಟರಲ್ಲಿ ಹಳೆಯ ಕಟ್ಟಡದ ಟೆಕ್ನಿಶಿಯನ್ನು ಇಣುಕಿ, "ರಿಪೋರ್ಟ್ ಎಲ್ಲಾ ಮುಂಜಾನಿನ ತಯಾರದಾವ್ರಿ. ಯಾರೂ ಕೇಳಾಕ ಬರಲೇ ಇಲ್ಲಲ್ಲ?" ಎಂದ. ಹತ್ತು ಹೆಜ್ಜೆ ನಡೆದು ಕೇಳಬೇಕೆಂದು ನಮ್ಮಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ.

ಮಾಸ್ತರನ್ನು ನನ್ನ ಬೈಕಿನ ಹಿಂದೆ ಕೂರಿಸಿಕೊಂಡು, ಕಬ್ಬಿನ ಟ್ರ್ಯಾಕ್ಟರುಗಳನ್ನು ಒಂದೊಂದಾಗಿ ದಾಟುತ್ತ, ಹೊತ್ತು ಮುಳುಗುವ ಮೊದಲೇ ಹುಕ್ಕೇರಿ ಮುಟ್ಟಿಸಿದೆ. ರಿಪೋರ್ಟು ಕಂಡ ನೀಲವ್ವನ ಮುಖ ಸಣ್ಣದಾಯಿತು.

"ಇಷ್ಟು ಲಗೂನ ಯಾಕ ತಂದ್ರಿ?" ಎಂದರು. "ಸಿಗಂಗಿಲ್ಲ ಅಂತ ನಾ ಆರಾಮಿದ್ದೆ."

ಆಪರೇಷನ್ನು ಚಲೋ ಆಯಿತು. ಮಾಸ್ತರು ಬಹಳ ದಿನ ಆ ಕಲ್ಲನ್ನು ಸೀಸೆಯಲ್ಲಿಟ್ಟು, ಬಂದವರಿಗೆಲ್ಲ ಚಹಾದ ಮೊದಲು ತೋರಿಸುತ್ತಿದ್ದರಂತೆ.

ಇದನ್ನೆಲ್ಲ ನೆನೆಯುತ್ತ ಹೋದ ವಾರ ತೋಳು ಮಡಚಿ ಕುಳಿತಿರುವಾಗಲೇ ಫೋನು ಬಂತು. ಮೂಡಲಗಿಯ ಗಿರಾಕಿ. "ಸರ, ಮುಂಜಾನಿಂದ ಲೈನ್ ಇಲ್ರಿ."

"ನಂದ ತಪ್ಪಿರಬಹುದ್ರಿ, ತಡೀರಿ, ಮೊದಲ ನಂದ ನೋಡ್ತೇನಿ," ಎಂದೆ.

ಆ ಕಡೆಯಿಂದ ಬಹಳ ಮೆತ್ತಗಿನ ದನಿ ಕೇಳಿತು:

"ಯಾಕ್ರಿ ಸರ, ಮೈಯಾಗ ಆರಾಮಿಲ್ಲೇನ್ರಿ?"