ಕಂದು ಕೋಟು, ಬಹುಶಃ

...ಕಂದು ಎನ್ನುತ್ತೇನೆ, ಆದರೆ ಆ ಕೋಟು ಕಪ್ಪಾಗಿಯೂ ಇದ್ದಿರಬಹುದು. ಉತ್ತರ ಇಂಗ್ಲೆಂಡಿನ ಆ ಊರಿನಲ್ಲಿ ನವೆಂಬರಿನ ಮಧ್ಯಾಹ್ನ ಮೂರೂವರೆಗೆಲ್ಲ ಬಣ್ಣಗಳು ಒಂದೇ ಆಗಿಬಿಡುತ್ತಿದ್ದವು. ಇದನ್ನೂ ನಾನು ಆಮೇಲೆ ಸೇರಿಸಿಕೊಂಡೆನೋ ಏನೋ.

ಇಷ್ಟಂತೂ ಖಚಿತ: ವಿಶ್ವವಿದ್ಯಾಲಯದ ಹಿಂದಿನ ಇಟ್ಟಿಗೆ ಮನೆಯೊಂದರಲ್ಲಿ ನಾವಿಬ್ಬರೂ ಒಂದೇ ಅಡುಗೆಮನೆ ಹಂಚಿಕೊಂಡಿದ್ದೆವು. ನಾನು ಉಡುಪಿಯವನು, ಅವನು ಸೌದಿಯ ಉನೈಜಾದವನು. ನಾನು ಮೀನು ಹುರಿದರೆ ಅವನು ಗೊಣಗುತ್ತಾ ಕಿಟಕಿ ತೆರೆಯುತ್ತಿದ್ದ. ಸ್ವಲ್ಪ ಹೊತ್ತಿಗೆ ತಟ್ಟೆ ಹಿಡಿದು ಬರುತ್ತಿದ್ದ. ಅವನ ತಾಯಿ ಕಳಿಸಿದ ಖರ್ಜೂರವನ್ನು ಹೆಚ್ಚು ತಿಂದವನು ನಾನು.

ಮೊದಲ ವಾರವೇ ಅವನ ದಪ್ಪ ಕೋಟು ನೋಡಿ "ಒಳ್ಳೆ ಕೋಟು" ಎಂದೆ.

"ನಿನ್ನದೇ. ತಗೋ" ಎಂದ.

ತಗೊಂಡೆ. ಚಳಿಗಾಲವಿಡೀ ಹಾಕಿಕೊಂಡೆ. ಅವನು ತೆಳ್ಳಗಿನ ಜಾಕೆಟಿನಲ್ಲಿ, ಕೈಗಳನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಪಕ್ಕದಲ್ಲಿ ತರಗತಿಗೆ ನಡೆದು ಬರುತ್ತಿದ್ದ. "ನಿಮ್ಮೂರಲ್ಲಿ ಚಳಿ ಅಂದ್ರೆ ಫ್ಯಾನ್ ಆಫ್ ಮಾಡೋದು" ಎಂದು ನನ್ನನ್ನೇ ಗೇಲಿ ಮಾಡುತ್ತಿದ್ದ.

ವರ್ಷಗಳ ನಂತರ ಸೌದಿಯ ದಮ್ಮಾಮಿನಲ್ಲಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ನಮ್ಮ ಸೌದಿ ಮ್ಯಾನೇಜರರ ಪೆನ್ನನ್ನು ಹೊಗಳಿದೆ. "ನಿನ್ನದೇ" ಎಂದರು. ನಾನು ಕೈ ಚಾಚಿದೆ. ಪಕ್ಕದಲ್ಲಿದ್ದ ಭಟ್ಕಳದ ಸಹೋದ್ಯೋಗಿ ಮೇಜಿನಡಿ ನನ್ನ ಕಾಲು ತುಳಿದ.

ಹೊರಗೆ ಬಂದ ಮೇಲೆ ಅವನಿಗೆ ನಗು ತಡೆಯಲಾಗಲಿಲ್ಲ. "ಎಂತ ಮಾರಾಯ! ಅದು ಮರ್ಯಾದೆಗೆ ಹೇಳುವುದು. ನಾವು ಬೇಡ ಬೇಡ ಅನ್ನಬೇಕು. ಇಷ್ಟರವರೆಗೆ ಯಾರ್‍ಯಾರದ್ದು ಎಂತೆಂತ ಎತ್ತಿಕೊಂಡು ಬಂದಿದ್ದಿ?"

ನಾನು ನಗಲಿಲ್ಲ. ಕಂಕುಳಲ್ಲಿ ಸಿಕ್ಕಿಸಿಕೊಂಡ ಆ ಎರಡು ಕೈಗಳು ಕಣ್ಣೆದುರು ಬಂದವು. ಅಥವಾ ಅವು ನನ್ನ ನೆನಪಿಗೆ ಸೇರಿಕೊಂಡದ್ದೇ ಆ ದಿನ ಇರಬಹುದು. ಅದಕ್ಕೂ ಮೊದಲು ಆ ಕೈಗಳು ನೆನಪಿನಲ್ಲಿ ಇದ್ದವೇ?

ನಾಚಿಕೆಯಿಂದ ಬಹಳ ಕಾಲ ಕೇಳಲಿಲ್ಲ. ಕಳೆದ ವಾರ ಕೊನೆಗೂ ಉನೈಜಾದ ಗೆಳೆಯನಿಗೆ ಫೋನು ಮಾಡಿದೆ.

"ಆ ಕೋಟು ನಾನು ತಗೊಂಡಾಗ ನಿನಗೆ ಚಳಿಯಾಗಲಿಲ್ವಾ?"

"ಯಾವ ಕೋಟು?"

"ಮೊದಲ ವರ್ಷದ್ದು. ಕಂದು."

"ನೆನಪಿಲ್ಲಪ್ಪ. ನಿನ್ನ ಮೀನಿನ ವಾಸನೆ ಮಾತ್ರ ಇನ್ನೂ ನನ್ನ ಪುಸ್ತಕಗಳಲ್ಲಿದೆ. ಯಾವಾಗ ಬರ್ತೀ? ಮನೆ ನಿನ್ನದೇ."

ಅವನು ನಿಜವಾಗಿ ಮರೆತಿದ್ದಾನೋ, ಮರ್ಯಾದೆಗೆ ಮರೆತನೋ ತಿಳಿಯಲಿಲ್ಲ. ಆ ಚಳಿಗಾಲದಲ್ಲಿ ಅವನಿಗೆ ಬೇರೆ ಕೋಟು ಇತ್ತೇ ಎನ್ನುವುದೂ ನನಗೆ ಗೊತ್ತಿಲ್ಲ.