ಕಾಲ್ ಬಂದ್ರೆ ಫೋನಿಗೆ ಓಡೋ ಹೆಡ್‌ಫೋನ್

ನನ್ನ ಹೆಡ್‌ಫೋನ್ ಒಂದೇ ಟೈಮಿಗೆ ಫೋನಿಗೂ ಕಂಪ್ಯೂಟರಿಗೂ ಕನೆಕ್ಟ್ ಆಗುತ್ತೆ ಅಂತ ನಂಗೆ ಗೊತ್ತಾಗಿದ್ದು, ಅದನ್ನ ತಗಂಡು ಎಷ್ಟೋ ತಿಂಗಳಾದ ಮ್ಯಾಲೆ. ಅಲ್ಲೀತನ ನಾನು ಮಾಡ್ತಿದ್ದ ಸರ್ಕಸ್ ಕೇಳ್ರಿ. ಫೋನಲ್ಲಿ ಹಾಡು ಕೇಳ್ತಿರ್ತೀನಿ, ಕಂಪ್ಯೂಟರಲ್ಲಿ ಒಂದು ವಿಡಿಯೋ ನೋಡ್ಬೇಕು ಅನ್ಸುತ್ತೆ. ಫೋನಿನ ಬ್ಲೂಟೂತ್ ಆಫ್ ಮಾಡು, ಕಂಪ್ಯೂಟರಲ್ಲಿ ಕನೆಕ್ಟ್ ಒತ್ತು, ಅದು ಗಿರಗಿರ ತಿರುಗಿ ಆಗಲ್ಲ ಅನ್ನುತ್ತೆ, ಹೆಡ್‌ಫೋನ್ ಆಫ್ ಮಾಡಿ ಮತ್ತೆ ಆನ್ ಮಾಡು. ಅಷ್ಟೊತ್ತಿಗೆ ಯಾವ ವಿಡಿಯೋ ಅಂತಾನೇ ಮರ್ತೋಗಿರುತ್ತೆ.

ಒಂದಿನ ಸುಮ್ನೆ ಕೂತು ಸೆಟ್ಟಿಂಗ್ಸ್ ಎಲ್ಲಾ ಕೆದಕಿದೆ. ನಂಗೆ ಇದೊಂದು ಚಟ. ಓದಿದ್ದು ಬಿಕಾಂ, ಇವೆಲ್ಲ ಯಾರೂ ಹೇಳ್ಕೊಟ್ಟಿಲ್ಲ. ದೀಪ ಮಿಣಮಿಣ ಅನ್ನೋ ತನಕ ಬಟನ್ ಒತ್ತಿ ಹಿಡಿದು ಮೊದ್ಲು ಫೋನಿಗೆ ಜೋಡಿ ಮಾಡ್ಬೇಕು. ಆಮ್ಯಾಲೆ ಫೋನಿನ ಬ್ಲೂಟೂತ್ ಆಫ್ ಮಾಡಿ, ಹಂಗೇ ಒತ್ತಿ ಹಿಡಿದು ಕಂಪ್ಯೂಟರಿಗೆ ಜೋಡಿ ಮಾಡ್ಬೇಕು. ಕೊನೀಗೆ ಫೋನಿನ ಬ್ಲೂಟೂತ್ ಆನ್. ಅಷ್ಟೇ! ಕಂಪ್ಯೂಟರಲ್ಲಿ ವಿಡಿಯೋ ಓಡ್ತಿರುತ್ತೆ, ಫೋನಿಗೆ ಕಾಲ್ ಬಂದ್ರೆ ಹೆಡ್‌ಫೋನ್ ತಾನೇ ಫೋನಿಗೆ ಓಡುತ್ತೆ, ಕಾಲ್ ಮುಗಿದ್ರೆ ತಾನೇ ವಾಪಸ್ ಬರುತ್ತೆ. ಖುಷಿಗೆ ಅಮ್ಮನ ಫೋನಿಂದ ನನ್ನ ನಂಬರಿಗೇ ಕಾಲ್ ಮಾಡಿ ಮಾಡಿ ನೋಡಿದೆ.

"ಯಾರಿಗೇ ಅಷ್ಟೊಂದು ಫೋನ್ ಮಾಡಾಕತ್ತೀಯ?" ಅಂದ್ಳು ಅಮ್ಮ.

"ನಂಗೇ."

"ಹೌದಾ? ಸಿಕ್ರೆ ಬರ್ತಾ ಹಾಲು ತಗಂಬಾ ಅಂತ ಹೇಳು."

ಈ ಸುದ್ದಿ ಪಕ್ಕದ ಮನೆ ಅಮ್ಮಿ ಕಡೆಯಿಂದ ದಾವಣಗೆರೆ ಮುಟ್ತು. ಹರಿಹರದಾಗೆ ನಮ್ಮ ಮನೆಗೂ ಅಮ್ಮಿ ಮನೆಗೂ ನಡುವೆ ಒಂದು ಕಾಂಪೌಂಡ್ ಗೋಡೆ ಅಷ್ಟೇ. ಅಮ್ಮಿ ಮಗಳನ್ನ ದಾವಣಗೆರೆ ಆನೆಕೊಂಡಕ್ಕೆ ಕೊಟ್ಟೈತೆ. ಆಕೆನ್ನ ನಾನು ಚಿಕ್ಕೋಳಿದ್ದಾಗಿಂದ ಖಾಲಾ, ಅಂದ್ರೆ ಚಿಕ್ಕಮ್ಮ, ಅಂತೀನಿ. ಖಾಲಾ ಬ್ಲೌಸಿಗೆ ಆರಿ ವರ್ಕ್, ಅಂದ್ರೆ ಕೊಕ್ಕೆ ಸೂಜಿ ಕಸೂತಿ, ಮಾಡ್ತಾರೆ. ಬಟ್ಟೇನ ಚೌಕಟ್ಟಿಗೆ ಬಿಗಿದು ಕೂತ್ರೆ ಎರಡೂ ಕೈ ಬಿಜಿ. ಒಂದು ಕೈ ಬಟ್ಟೆ ಮ್ಯಾಲೆ ಸೂಜಿ ಹಿಡಿದಿರುತ್ತೆ, ಇನ್ನೊಂದು ಕೆಳಗಿಂದ ದಾರ ಕೊಡ್ತಿರುತ್ತೆ. ಮದುವೆ ಸೀಸನ್ನಾಗೆ ಗಿರಾಕಿಗಳು "ಬ್ಲೌಸ್ ಆಯ್ತೇನ್ರಿ" ಅಂತ ಫೋನ್ ಮಾಡ್ತಾನೇ ಇರ್ತಾರೆ.

ಖಾಲಾಗೆ ಕಲಿಸ್ಬೇಕು ಅಂತ ಬಾಳ ವರ್ಷದ ಆಸೆ. ಮನೆ ಸಣ್ಣದು, ನಾಕು ಜನ ಕೂತ್ರೆ ಚೌಕಟ್ಟಿಡಾಕೆ ಜಾಗ ಇಲ್ಲ. ಕೊನೀಗೆ ಆನ್‌ಲೈನಲ್ಲಿ ಮಾಡಾಣ ಅಂತ ಧೈರ್ಯ ಮಾಡಿದ್ರು. ಮೊದ್ಲನೇ ದಿನ ನೋಡಿ, ಇಷ್ಟ ಆದೋರು ಸೇರ್ಕಳ್ಳಿ ಅಂತ ಲೆಕ್ಕ. ಆರು ಜನ ಬರ್ತೀವಿ ಅಂದಿದ್ರು.

"ಬೇಟಾ, ನಿನ್ನ ಹೆಡ್‌ಫೋನ್ ಎರಡೂ ಕಡೆ ಕೆಲ್ಸ ಮಾಡ್ತೈತಂತೆ?" ಅಂತ ಫೋನ್ ಮಾಡಿದ್ರು. "ನಂಗೂ ಹಂಗೇ ಮಾಡ್ಕೊಡು. ಕ್ಲಾಸೂ ತಪ್ಪಬಾರ್ದು, ಗಿರಾಕೀನೂ ತಪ್ಪಬಾರ್ದು."

ಭಾನುವಾರ ಬಸ್ ಹತ್ತಿ ಹೋದೆ. ಖಾಲಾ ಹೊಸಾ ಹೆಡ್‌ಫೋನ್ ತರಿಸಿಟ್ಟಿದ್ರು. ಅವರ ಫೋನಿಗೂ ಕಂಪ್ಯೂಟರಿಗೂ ಜೋಡಿ ಮಾಡ್ದೆ, ವಿಡಿಯೋ ಹಾಕಿ ಕಾಲ್ ಮಾಡಿ ತೋರಿಸ್ದೆ, ಫಸ್ಟ್ ಕ್ಲಾಸಾಗಿ ಹೋಗಿ ಬಂತು. ಅಷ್ಟಕ್ಕೆ ಸುಮ್ನಿರ್ದೆ, ಕೈ ಖಾಲಿ ಇರಲ್ಲ ಅಂತ ಕಾಲ್ ಬಂದ್ರೆ ತಾನೇ ಎತ್ತೋ ಸೆಟ್ಟಿಂಗೂ ಹಾಕ್ದೆ. ಖಾಲಾ ಖುಷಿಯಾಗಿ ಎರಡು ಸಲ ಖೀರು ಬಡಿಸಿದ್ರು.

ಸೋಮವಾರ ಸಂಜೆ ಐದಕ್ಕೆ ಕ್ಲಾಸ್. ನಾನೂ ಹರಿಹರದಾಗೆ ಮನೇಲಿ ಕೂತು ಸೇರ್ಕಂಡೆ. ಕ್ಯಾಮೆರಾ ಚೌಕಟ್ಟಿನ ಮ್ಯಾಲೆ ಐತೆ, ಪರದೆ ತುಂಬಾ ಖಾಲಾ ಕೈ. "ಸೂಜಿ ಹಿಂಗೆ ಇಳಿಸ್ರಿ, ಕೆಳಗೆ ದಾರ ಸಿಗ್ತಾ? ಸಿಕ್ಕ ಮ್ಯಾಲೆ ಸ್ವಲ್ಪ ತಿರುಗ್ಸಿ..." ಅಷ್ಟೇ. ದನಿ ನಿಂತೋಯ್ತು.

ನನ್ನ ನೆಟ್ಟು ಹೋಯ್ತಾ ಅಂತ ನೋಡ್ತೀನಿ, ಗೋಡೆ ಆಚೆಯಿಂದ ಅಮ್ಮಿ ದನಿ. "ಹಲೋ ಬೇಟೀ, ಕ್ಲಾಸ್ ಶುರು ಹುವೀ ಕ್ಯಾ?" ಕ್ಲಾಸ್ ಶುರು ಆಯ್ತಾ ಅಂತ ಕೇಳಾಕೆ ಕ್ಲಾಸ್ ಟೈಮಿಗೇ ಫೋನ್! ನನ್ನ ಸೆಟ್ಟಿಂಗ್ ಅದನ್ನ ನಿಯತ್ತಾಗಿ ಎತ್ತೈತೆ.

ಅಮ್ಮಿ ದುವಾ ಮಾಡಿ ಫೋನಿಟ್ರು. ಹೆಡ್‌ಫೋನ್ ಈಗ ವಾಪಸ್ ಬರ್ಬೇಕು. ಬರ್ಲಿಲ್ಲ. ಖಾಲಾ ಕೈ ಮಾತ್ರ ಪಟಪಟ ಹೊಲಿತಾನೇ ಐತೆ. ಪಾಪ, ಆಯಮ್ಮ ಪಾಠ ಮಾಡ್ತಾನೇ ಅದಾರೆ, ಯಾರಿಗೂ ಕೇಳ್ತಿಲ್ಲ. "ಮೇಡಂ ಆಡಿಯೋ ಇಲ್ಲ" ಅಂತ ಕೆಳಗೆ ಮೆಸೇಜ್ ಬರ್ತಾವೆ, ಖಾಲಾ ಕಣ್ಣು ಬಟ್ಟೆ ಮ್ಯಾಲೆ. ನೋಡ್ತಿದ್ದಂಗೇ ಒಬ್ರು ಹೊರಗೆ ಹೋದ್ರು. ತಕ್ಷಣ ಖಾಲಾಗೆ ಫೋನ್ ಮಾಡ್ದೆ.

"ಖಾಲಾ, ನಿಮ್ಮ ದನಿ ಬರ್ತಿಲ್ಲ!"

"ಬರ್ತಿಲ್ವಾ? ನಿಂದು ಗಂಟೆ ಹೊಡ್ದಂಗೆ ಕೇಳ್ತೈತಲ್ಲ."

"ಅದು ಫೋನ್ ಖಾಲಾ!"

"ನಂದು ನಿಂಗೆ ಕೇಳ್ತೈತಾ ಇಲ್ವಾ?"

"ಕೇಳ್ತೈತೆ, ಆದ್ರೆ..."

"ಮತ್ತೆ ಸರಿ ಐತಲ್ಲ! ಇಡು ಇಡು, ಕ್ಲಾಸ್ ನಡೀತೈತೆ."

ಗಾಬ್ರಿಗೆ ನಾನೂ ಇಟ್ಬಿಟ್ಟೆ. ಮತ್ತೆ ಮೌನ. ಇನ್ನೊಬ್ರು ಹೋದ್ರು. ಮತ್ತೆ ಮಾಡ್ದೆ. "ಖಾಲಾ, ಕಂಪ್ಯೂಟರಾಗೆ ಕೆಳಗೆ ಮೈಕಿನ ಚಿತ್ರ ಐತಲ್ಲ, ಅದರ ಪಕ್ಕ ಬಾಣದ ಗುರ್ತು..." "ಅರೇ, ಎಡಗೈಯಾಗೆ ದಾರ ಐತೆ, ಬಲಗೈಯಾಗೆ ಸೂಜಿ ಐತೆ, ಬಾಣ ಎಲ್ಲಿಂದ ಹಿಡೀಲೇ ಮಾರಾಯ್ತಿ!"

ಆವಾಗ ತಲೆಗೆ ಹೊಳೀತು. ಹೆಡ್‌ಫೋನ್ ಕಂಪ್ಯೂಟರಿಗೆ ಹೋಗ್ಲಿ ಅಂತ ನಾನು ಒಂದೊಂದು ಸಲ ಕಾಲ್ ಮಾಡ್ದಾಗ್ಲೂ ಅದನ್ನ ಫೋನಿಗೆ ಎಳ್ಕಂತಿರೋದು ನಾನೇ!

"ಖಾಲಾ, ಬಾಣ ಬ್ಯಾಡ. ನಾನು ಫೋನಿಟ್ಟ ತಕ್ಷಣ ಹೆಡ್‌ಫೋನ್ ಆಫ್ ಮಾಡಿ ಮಂಚದ ಮ್ಯಾಲೆ ಎಸೀರಿ."

"ಎಸೀಲಾ? ಹೊಸಾದು ಐತೆ!"

"ಮೆತ್ತಗೆ ಎಸೀರಿ!"

ಪರದೆ ಮ್ಯಾಲಿಂದ ಕೈ ಮಾಯ ಆಯ್ತು. ಒಂದು ಕ್ಷಣ ಬರೀ ಬಟ್ಟೆ. ಆಮ್ಯಾಲೆ ಕಂಪ್ಯೂಟರಿನ ಸ್ವಂತ ಮೈಕಿಂದ ಕುಕ್ಕರ್ ಸೀಟಿ ಕೇಳ್ತು, ಬೀದಿಯಾಗೆ ಆಟೋ ಹೋಗಿದ್ದು ಕೇಳ್ತು, ಅದರ ಹಿಂದೆ ಖಾಲಾ ದನಿ. "ಈಗ ಕೇಳ್ತೈತೇನ್ರಿ?"

"ಕೇಳ್ತೈತೆ ಮೇಡಂ," ಅಂದ್ಳು ಒಬ್ಬ ಹುಡುಗಿ. "ಆವಾಗಿಂದ ನಿಮ್ಮ ಕೈ ಒಂದೇ ಕಾಣ್ತಿತ್ತು. ನಾನು ಅದನ್ನೇ ನೋಡಿ ಹಾಕಿದೀನಿ, ನೋಡ್ರಿ." ಬಟ್ಟೆ ತಂದು ಕ್ಯಾಮೆರಾ ಮುಂದೆ ಹಿಡಿದ್ಳು. ಸರಪಳಿ ಥರಾ ಹೊಲಿಗೆ, ಸ್ವಲ್ಪ ಸೊಟ್ಟ, ಆದ್ರೆ ಒಂದೂ ಬಿಟ್ಟಿರ್ಲಿಲ್ಲ. ಇನ್ನೊಬ್ರು "ನಂದೂ ಬಂದೈತೆ ಮೇಡಂ" ಅಂದ್ರು.

ಖಾಲಾ ಕೈ ಸೂಜೀನ ಕೆಳಗಿಟ್ತು. ಮತ್ತೆ ದನಿ ಹೋಯ್ತಾ ಅಂತ ನಾನು ಫೋನಿಗೆ ಕೈ ಹಾಕ್ದೆ. ಅಷ್ಟರಾಗೆ ನಗು ಕೇಳ್ತು. "ಅರೇ ವ್ಹಾ! ನಾನು ಬಾಯಿ ಮುಚ್ಚಿದ್ರೇ ನೀವು ಚೆಂದ ಕಲಿತೀರಾ?" ಎಲ್ರೂ ನಕ್ಕರು. ಹೋದೋರಲ್ಲಿ ಒಬ್ರು ತಿರುಗಿ ಬಂದ್ರು, ಇನ್ನೊಬ್ರು ಬರ್ಲೇ ಇಲ್ಲ. ಉಳಿದೋರೆಲ್ಲ ಸೇರ್ಕಂಡ್ರು.

ತಪ್ಪೇನು ಅಂತ ಆಮ್ಯಾಲೆ ಹುಡುಕಿದೆ. ನಾನು ಪರೀಕ್ಷೆ ಮಾಡಿದ್ದು ಬರೀ ವಿಡಿಯೋ ಹಾಕಿ. ವಿಡಿಯೋಕ್ಕೆ ಕೇಳಿದ್ರೆ ಸಾಕು, ಕ್ಲಾಸಿಗೆ ಮಾತಾಡಾಕೂ ಬೇಕು. ಕೇಳೋ ಹೆಡ್‌ಫೋನು, ಮಾತಾಡೋ ಹೆಡ್‌ಫೋನು ಅಂತ ಕಂಪ್ಯೂಟರ್ ಒಂದನ್ನೇ ಎರಡು ಮಾಡಿ ಇಟ್ಕಂಡಿರುತ್ತೆ. ಕಾಲ್ ಬಂದು ಹೋದ ಮ್ಯಾಲೆ ಮಾತಿನದು ವಾಪಸ್ ಹಿಡ್ಕಂಡಿಲ್ಲ. ಈಗ ಮಾತಿಗೆ ಕಂಪ್ಯೂಟರಿನ ಮೈಕೇ, ಕೇಳಾಕೆ ಮಾತ್ರ ಹೆಡ್‌ಫೋನ್ ಅಂತ ಗಟ್ಟಿ ಮಾಡಿಟ್ಟೀನಿ. ತಾನೇ ಎತ್ತೋ ಸೆಟ್ಟಿಂಗನ್ನ ಕಿತ್ತು ಬಿಸಾಕಿದೆ.

ಈಗ ಎರಡ್ನೇ ಬ್ಯಾಚ್ ನಡೀತೈತೆ. ಮಲೆಬೆನ್ನೂರಿಂದನೂ ಇಬ್ರು ಸೇರ್ಯಾರೆ. ಕ್ಲಾಸ್ ಶುರು ಆದ ತಕ್ಷಣ ಖಾಲಾ ಬೇಕಂತ್ಲೇ ಮೈಕ್ ಬಂದ್ ಮಾಡ್ತಾರೆ. ನಾನು ಕೇಳಿದ್ರೆ, "ಮಾತು ಆಮ್ಯಾಲೆ, ಮೊದ್ಲು ಕೈ ನೋಡ್ಲಿ" ಅಂತಾರೆ. ಪರದೆ ತುಂಬಾ ಕೈ, ಒಂದು ಸದ್ದಿಲ್ಲ. ಹೊಸಬರು "ಆಡಿಯೋ ಇಲ್ಲ ಮೇಡಂ" ಅಂತ ಬರೀತಾರೆ. ನಂಗೂ ಫೋನ್ ಮಾಡಾಕೆ ಬೆರಳು ತುರಿಸ್ತಾವೆ. ತಡ್ಕಂಡು ಕೂತ್ಕಂತೀನಿ.